ನ್ಯೂಯಾರ್ಕಿನ ಗಂಟೆಯನ್ನು ಕಾರವಾರದ ಲೆಕ್ಕದಲ್ಲಿ ಬರೆದಿಡಬೇಡಿ

ನಮಸ್ಕಾರ. ಕಾರವಾರದಿಂದ ಮಾತನಾಡುತ್ತಿದ್ದೇನೆ. ಜಗತ್ತಿನ ದೊಡ್ಡ ಷೇರು ಮಾರುಕಟ್ಟೆಗಳ ಸೆಷನ್‌ಗಳನ್ನು, ಅಂದರೆ ಅವು ತೆರೆದಿರುವ ಹೊತ್ತನ್ನು, ಬೆಲೆಯ ಚಾರ್ಟಿನ ಮೇಲೆ ಗುರುತಿಸುವಾಗ ನಮ್ಮಲ್ಲಿ ಅನೇಕರು ಮಾಡುವ, ನಾನೂ ಬಹಳ ಕಾಲ ಮಾಡಿದ ಒಂದು ತಪ್ಪಿನ ಬಗ್ಗೆ ಇಂದು ಹೇಳಬೇಕಾಗಿದೆ. ಲಂಡನ್ ಮಧ್ಯಾಹ್ನ ಒಂದೂವರೆಗೆ, ನ್ಯೂಯಾರ್ಕ್ ರಾತ್ರಿ ಎಂಟಕ್ಕೆ ತೆರೆಯುತ್ತದೆ ಎಂದು ಭಾರತೀಯ ಕಾಲಮಾನದಲ್ಲಿ ಬರೆದುಕೊಂಡು, ವರ್ಷಪೂರ್ತಿ ಅದನ್ನೇ ನಂಬಿ ಕೂರುವುದೇ ಆ ತಪ್ಪು.

ನಮ್ಮ ಕರಾವಳಿಯವರಿಗೆ ಈ ಅಭ್ಯಾಸ ಎಲ್ಲಿಂದ ಬಂದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಭಟ್ಕಳದ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ದುಬೈಯಲ್ಲಿದ್ದಾರೆ. ಅಲ್ಲಿಗೆ ಫೋನ್ ಮಾಡುವವರು ನಮ್ಮ ಗಂಟೆಯಿಂದ ಒಂದೂವರೆ ತಾಸು ಕಳೆದರೆ ಮುಗಿಯಿತು. ಜನವರಿಯಾಗಲಿ ಜುಲೈಯಾಗಲಿ ಲೆಕ್ಕ ಬದಲಾಗದು, ಏಕೆಂದರೆ ಆ ದೇಶವೂ ನಮ್ಮಂತೆಯೇ ಗಡಿಯಾರದ ಮುಳ್ಳನ್ನು ಮುಟ್ಟುವುದಿಲ್ಲ. ಆದರೆ ಮೊಮ್ಮಗಳು ನ್ಯೂಜೆರ್ಸಿಯಲ್ಲಿರುವ ಶಿರಸಿ ಕಡೆಯ ಅಜ್ಜಿಯೊಬ್ಬರನ್ನು ಕೇಳಿ ನೋಡಿ. ಬೇಸಿಗೆಯಲ್ಲಿ ಒಂಬತ್ತೂವರೆ ತಾಸು, ಚಳಿಗಾಲದಲ್ಲಿ ಹತ್ತೂವರೆ ತಾಸು ಎಂಬುದು ಅವರಿಗೆ ಬಾಯಿಪಾಠವಾಗಿರುತ್ತದೆ. ಅಜ್ಜಿಗೆ ಗೊತ್ತಿರುವ ಈ ಸಂಗತಿ ಚಾರ್ಟಿನ ಮೇಲೆ ಗುರುತು ಹಾಕಲೆಂದು ನಾವು ದುಡ್ಡು ಕೊಟ್ಟು ಕೊಂಡ ಎಷ್ಟೋ ಇಂಡಿಕೇಟರ್ ತಂತ್ರಾಂಶಗಳಿಗೆ ಗೊತ್ತಿಲ್ಲ.

ನಿಯಮ ಇಷ್ಟೇ. ಅಮೆರಿಕವು 2007ರಿಂದ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದಕ್ಕಿಟ್ಟು, ನವೆಂಬರ್ ಮೊದಲ ಭಾನುವಾರ ಹಿಂದಕ್ಕೆ ತರುತ್ತಿದೆ. ಬ್ರಿಟನ್ ಹಾಗೂ ಯುರೋಪ್ ಒಕ್ಕೂಟದ ದೇಶಗಳು ಮಾರ್ಚ್ ಕೊನೆಯ ಭಾನುವಾರ ಮುಂದಿಟ್ಟು, ಅಕ್ಟೋಬರ್ ಕೊನೆಯ ಭಾನುವಾರ ಹಿಂದಿಡುತ್ತವೆ. ಈ ಎರಡು ವೇಳಾಪಟ್ಟಿಗಳು ಹೊಂದದಿರುವ, ವರ್ಷದ ಮೂರು ನಾಲ್ಕು ವಾರಗಳಲ್ಲಿಯೇ ನಿಜವಾದ ಪೇಚು ಇರುವುದು.

2025ರ ಮಾರ್ಚ್ 10, ಸೋಮವಾರ. ಅಮೆರಿಕದ ನಾಸ್ಡಾಕ್ ಷೇರು ಸೂಚ್ಯಂಕದ ನನ್ನ ಚಾರ್ಟಿನಲ್ಲಿ ನ್ಯೂಯಾರ್ಕಿನ ಸೆಷನ್ ತೋರಿಸುವ ನೀಲಿ ಪೆಟ್ಟಿಗೆ ರಾತ್ರಿ ಎಂಟರಿಂದ ಆರಂಭವಾಗುವಂತೆ ಇತ್ತು. ಸಂಜೆ ಏಳಕ್ಕೆ, ನಾನಿನ್ನೂ ಚಹಾದ ಲೋಟ ಹಿಡಿದು ಕೂತಿರುವಾಗಲೇ, ಐದು ನಿಮಿಷದ ಬೆಲೆಯ ಏರಿಳಿತ ತೋರಿಸುವ ಕ್ಯಾಂಡಲ್ ಒಮ್ಮೆಲೇ ಕೆಳಕ್ಕೆ ಚಾಚಿತು. ಅದರ ಕೆಳಗಿನ ವಾಲ್ಯೂಮ್, ಅಂದರೆ ವಹಿವಾಟಿನ ಪ್ರಮಾಣದ, ಕಂಬ ಪಕ್ಕದ ಕಂಬಗಳನ್ನೆಲ್ಲ ಕುಳ್ಳಗಾಗಿಸಿತು. ಏನೋ ಸುದ್ದಿ ಬಂದಿರಬೇಕೆಂದು ಹುಡುಕತೊಡಗಿದೆ. ಆಗಿದ್ದು ಇಷ್ಟೇ: ಹಿಂದಿನ ದಿನ ಅಮೆರಿಕದ ಗಡಿಯಾರ ಮುಂದೆ ಹೋಗಿತ್ತು, ಮಾರುಕಟ್ಟೆ ತನ್ನ ಬೆಳಗಿನ ಒಂಬತ್ತೂವರೆಗೆ ಸರಿಯಾಗಿಯೇ ತೆರೆದಿತ್ತು. ನಾಸ್ಡಾಕ್ ಶೇಕಡಾ 4ರಷ್ಟು ಕುಸಿದ ಆ ದಿನದ ಮೊದಲ ತಾಸು ಪೂರ್ತಿಯಾಗಿ ನನ್ನ ಪೆಟ್ಟಿಗೆಯ ಹೊರಗೇ ಕಳೆದುಹೋಯಿತು.

ಲಂಡನ್ ಮಾತ್ರ ಮಾರ್ಚ್ 30ರವರೆಗೆ ಹಳೆಯ ಗಂಟೆಯಲ್ಲೇ ಇತ್ತು. ಲಂಡನ್ ಷೇರು ವಿನಿಮಯ ಕೇಂದ್ರ ಅಲ್ಲಿನ ಸಂಜೆ ನಾಲ್ಕೂವರೆಗೆ ಮುಚ್ಚುತ್ತದೆ. ಹೀಗಾಗಿ ಉಳಿದೆಲ್ಲ ದಿನಗಳಲ್ಲಿ ಎರಡು ತಾಸು ಮಾತ್ರ ಒಟ್ಟಿಗೆ ತೆರೆದಿರುವ ಲಂಡನ್ ಮತ್ತು ನ್ಯೂಯಾರ್ಕ್ ಷೇರುಪೇಟೆಗಳು ಆ ಮೂರು ವಾರ ನಮ್ಮ ಏಳರಿಂದ ಹತ್ತರವರೆಗೆ, ಅಂದರೆ ಮೂರು ತಾಸು ಜೊತೆಯಾಗಿದ್ದವು. ಅಕ್ಟೋಬರ್ ಕೊನೆಯ ಒಂದು ವಾರವೂ ಹಾಗೆಯೇ.

ಚಾರ್ಟಿನ ಮೇಲಿನ ಪೆಟ್ಟಿಗೆ ತಪ್ಪಿದರೆ ಕಣ್ಣಿಗಾದರೂ ಕಾಣುತ್ತದೆ; ಬ್ಯಾಕ್‌ಟೆಸ್ಟಿನಲ್ಲಿ, ಅಂದರೆ ಹಳೆಯ ದತ್ತಾಂಶದ ಮೇಲೆ ಒಂದು ತಂತ್ರವನ್ನು ಪರೀಕ್ಷಿಸುವಾಗ, ಅದು ಕಾಣುವುದೇ ಇಲ್ಲ. ಐದು ವರ್ಷಗಳ ದತ್ತಾಂಶವನ್ನು ಭಾರತೀಯ ಗಂಟೆಗಳ ಪ್ರಕಾರ ವಿಂಗಡಿಸಿ ಸರಾಸರಿ ತೆಗೆದರೆ, ನ್ಯೂಯಾರ್ಕ್ ತೆರೆಯುವ ಹೊತ್ತಿನ ಒಂದೇ ಶಿಖರವು ಏಳಕ್ಕೊಂದು ಎಂಟಕ್ಕೊಂದು ಎಂದು ಎರಡಾಗಿ ಒಡೆದು, ಎರಡೂ ಮೊಂಡಾಗುತ್ತವೆ. ಅದನ್ನು ನೋಡಿ ಏಳು ಗಂಟೆಯ ಚಲನೆ ದುರ್ಬಲವೆಂದು ತೀರ್ಮಾನಿಸುವವರನ್ನು ನಾನು ಕಂಡಿದ್ದೇನೆ; ಆ ತೀರ್ಮಾನಕ್ಕೂ ಮಾರುಕಟ್ಟೆಗೂ ಸಂಬಂಧವಿಲ್ಲ.

ಆದ್ದರಿಂದ ಸೆಷನ್ನಿನ ಗಂಟೆಯನ್ನು ಆಯಾ ಊರಿನ ಗಂಟೆಯಲ್ಲೇ, ಆ ಊರಿನ ಹೆಸರಿನೊಂದಿಗೆ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಂಪ್ಯೂಟರುಗಳಲ್ಲಿ ವ್ಯಾಪಕವಾಗಿ ಬಳಸುವ ಟೈಮ್‌ಝೋನ್ ಪಟ್ಟಿಯಲ್ಲಿ 'ಅಮೆರಿಕ/ನ್ಯೂಯಾರ್ಕ್', 'ಯುರೋಪ್/ಲಂಡನ್' ಎಂಬಂಥ ಹೆಸರುಗಳಿವೆ. ಅವುಗಳ ಹಿಂದೆ ಗಡಿಯಾರ ಬದಲಾದ ದಿನಗಳ ಇತಿಹಾಸವೇ ಇದೆ. ಕ್ಯಾಂಡಲ್‌ಗಳ ಸಮಯ ಯುಟಿಸಿಯಲ್ಲಿ, ಅಂದರೆ ಎಂದೂ ಹಿಂದೆ ಮುಂದೆ ಆಗದ ವಿಶ್ವ ಕಾಲಮಾನದಲ್ಲಿರಲಿ, ಸೆಷನ್ ಊರಿನ ಗಂಟೆಯಲ್ಲಿರಲಿ, ಭಾರತೀಯ ಸಮಯ ನಮ್ಮ ಕಣ್ಣಿಗೆ ತೋರಿಸುವುದಕ್ಕಷ್ಟೇ ಇರಲಿ. 'ಇಎಸ್‌ಟಿ' ಎಂದೋ 'ಯುಟಿಸಿ ಮೈನಸ್ 5' ಎಂದೋ ಹಾಕಿದರೆ ಸಾಲದು. ಅದು ಅಮೆರಿಕದ ಚಳಿಗಾಲದ ಗಂಟೆ ಮಾತ್ರ, ವರ್ಷದ ಸುಮಾರು ಎಂಟು ತಿಂಗಳು ಅಲ್ಲಿ ಅದು ನಡೆಯುವುದೇ ಇಲ್ಲ. ಲಂಡನ್ನಿಗೆ ಅಲ್ಲಿನ ಚಳಿಗಾಲದ ಗಂಟೆಯಾದ 'ಜಿಎಂಟಿ' ಹಾಕುವುದೂ ಇದೇ ಜಾತಿಯ ತಪ್ಪು.

ಇದೆಲ್ಲ ವಿದೇಶಿ ಮಾರುಕಟ್ಟೆಯವರ ತಲೆನೋವು, ನಮಗೇಕೆ ಎನ್ನುವವರು ನಮ್ಮದೇ ದೇಶದ ಸರಕು ವಿನಿಮಯ ಕೇಂದ್ರ ಎಂಸಿಎಕ್ಸ್ ನೋಡಲಿ. ಅಲ್ಲಿ ಚಿನ್ನ, ಕಚ್ಚಾತೈಲಗಳ ವಹಿವಾಟು ಅಮೆರಿಕದ ಬೇಸಿಗೆ ಗಂಟೆ ಇರುವಾಗ ರಾತ್ರಿ 11:30ಕ್ಕೂ, ಚಳಿಗಾಲದಲ್ಲಿ 11:55ಕ್ಕೂ ಮುಗಿಯುತ್ತದೆ. ಗಡಿಯಾರವನ್ನೇ ಬದಲಿಸದ ದೇಶದ ವಿನಿಮಯ ಕೇಂದ್ರವೊಂದು ಇನ್ನೊಬ್ಬರ ಗಡಿಯಾರ ನೋಡಿ ಬಾಗಿಲು ಹಾಕುತ್ತದೆ.

ಸಿಡ್ನಿ ದಕ್ಷಿಣಾರ್ಧಗೋಳದಲ್ಲಿರುವುದರಿಂದ ಅಲ್ಲಿ ಎಲ್ಲವೂ ತಿರುಗುಮುರುಗು: ಅಕ್ಟೋಬರ್ ಮೊದಲ ಭಾನುವಾರ ಮುಂದೆ, ಏಪ್ರಿಲ್ ಮೊದಲ ಭಾನುವಾರ ಹಿಂದೆ.

ಟೋಕಿಯೊ ಬಗ್ಗೆ ನಾನು ನಿಶ್ಚಿಂತನಾಗಿದ್ದೆ, ಜಪಾನಿನಲ್ಲಿ ಈ ಪದ್ಧತಿಯೇ ಇಲ್ಲವಲ್ಲ ಎಂದು. ಆದರೆ 2024ರ ನವೆಂಬರ್ 5ರಂದು ಅಲ್ಲಿನ ಷೇರು ವಿನಿಮಯ ಕೇಂದ್ರವೇ ತನ್ನ ವಹಿವಾಟನ್ನು ಅರ್ಧ ತಾಸು ಲಂಬಿಸಿತು. ಈಗ ನನ್ನ ಪಟ್ಟಿಯಲ್ಲಿ ಟೋಕಿಯೊ ಹೆಸರಿನ ಮುಂದೆ ಎರಡು ಸಾಲುಗಳಿವೆ: ಆ ದಿನಕ್ಕೆ ಮುಂಚೆ ಮುಚ್ಚುವುದು ಮೂರು ಗಂಟೆಗೆ, ಆ ದಿನದಿಂದ ಮೂರೂವರೆಗೆ.