ಗ್ರಾಮ್ಶಿಯ ಬೆನ್ನು

ಎಲ್ಲರಿಗೂ ನಮಸ್ಕಾರ.

ಇಟಲಿಯ ಕಮ್ಯುನಿಸ್ಟ್ ನಾಯಕ, ಚಿಂತಕ ಅಂಟೋನಿಯೊ ಗ್ರಾಮ್ಶಿ ಅಂದ ಕೂಡಲೇ ನಮ್ಮ ಸಭೆಗಳಲ್ಲಿ 'ಯಾಜಮಾನ್ಯ'ದ, ಅಂದರೆ ಆಳುವವರ ವಿಚಾರಗಳನ್ನೇ ಜನ ತಮ್ಮದೆಂದು ಒಪ್ಪಿಕೊಳ್ಳುವುದರ, ಚರ್ಚೆ ಶುರುವಾಗುತ್ತದೆ. ನಾನು ಇವತ್ತು ಅದರ ಗೊಡವೆಗೆ ಹೋಗುವುದಿಲ್ಲ. ಅವರ ಬೆನ್ನಿನ ಬಗ್ಗೆ ಮಾತಾಡುತ್ತೇನೆ.

1891ರಲ್ಲಿ ಇಟಲಿಯ ಸಾರ್ಡೀನಿಯ ದ್ವೀಪದಲ್ಲಿ ಹುಟ್ಟಿದವರು. ಸಣ್ಣದರಲ್ಲೇ ಬೆನ್ನು ಗೂನಾಯಿತು. ಮಗು ಯಾರದೋ ಕೈಜಾರಿ ಬಿದ್ದದ್ದಕ್ಕೆ ಹೀಗಾಯಿತು ಅಂತ ಮನೆಯವರು ನಂಬಿದ್ದರು. ಅದು ಬೆನ್ನುಮೂಳೆಯ ಕ್ಷಯ. ನೆಟ್ಟಗಾಗಲಿ ಅಂತ ಹುಡುಗನನ್ನು ತೊಲೆಗೆ ತೂಗುಹಾಕುತ್ತಿದ್ದರಂತೆ! ನಾಲ್ಕನೇ ವಯಸ್ಸಿನಲ್ಲಿ ಮೂರು ದಿನ ರಕ್ತ ಹೋಗಿ ಡಾಕ್ಟರು ಕೈಚೆಲ್ಲಿದರು. ಅಮ್ಮ ಪುಟ್ಟದೊಂದು ಹೆಣದ ಪೆಟ್ಟಿಗೆ, ಅದಕ್ಕೊಪ್ಪುವ ಬಟ್ಟೆ ತಂದಿಟ್ಟರು. ಮಗು ಬದುಕಿತು. ಪೆಟ್ಟಿಗೆ ಮಾತ್ರ 1914ರ ತನಕ ಮನೆಯಲ್ಲೇ ಇತ್ತು ಅಂತ ಮಗನೇ ಒಂದು ಕಾಗದದಲ್ಲಿ ಬರೆದಿದ್ದಾರೆ. ಆಗ ಅವರಿಗೆ 23 ವರ್ಷ.

ಅಪ್ಪ ಜೈಲಿನಲ್ಲಿದ್ದಾಗ, 11ನೇ ವಯಸ್ಸಿಗೇ ಜಮೀನು ದಾಖಲೆ ಕಚೇರಿಯಲ್ಲಿ ಕೆಲಸ. ದಿನಕ್ಕೆ 10 ಗಂಟೆ, ತನಗಿಂತ ಭಾರದ ದಫ್ತರುಗಳನ್ನು ಹೊರುವುದು. ರಾತ್ರಿ ಮೈನೋವಿಗೆ ಯಾರಿಗೂ ಕಾಣದಂತೆ ಅಳುತ್ತಿದ್ದರು.

ಧೈರ್ಯ ಅಂದರೆ ನಮಗೆ ಎದೆ ಸೆಟೆಸಿ ನಿಲ್ಲುವುದೇ ನೆನಪಾಗುತ್ತದೆ, ಅಲ್ವಾ? ಇವರು ಐದಡಿಯೂ ಇರಲಿಲ್ಲ.

1926ರ ನವೆಂಬರಿನಲ್ಲಿ ಮುಸೊಲಿನಿಯ ಪೊಲೀಸರು ಹಿಡಿದರು. ಸಂಸದರಾಗಿದ್ದರೂ ಬಿಡಲಿಲ್ಲ. 1928ರಲ್ಲಿ 20 ವರ್ಷಕ್ಕೂ ಜಾಸ್ತಿ ಶಿಕ್ಷೆಯಾಯಿತು. ಕೋಣೆಯಲ್ಲಿ ಕೂತು ಬರೆಯಲು ಅನುಮತಿ ಸಿಕ್ಕಿದ್ದು 1929ರ ಶುರುವಿನಲ್ಲಿ. ಎರಡು ವರ್ಷ ಕಾದರು! ಹಲ್ಲು ಉದುರುತ್ತಿದ್ದವು, ನಿದ್ದೆ ಹತ್ತುತ್ತಿರಲಿಲ್ಲ. ಜೈಲಿನ ಮೊಹರು ಬಿದ್ದ ನೋಟ್‌ಬುಕ್ಕುಗಳು ಹಾಗೇ ತುಂಬುತ್ತಾ ಹೋಗಿ 33 ಆದವು.

ನನಗೆ ಹೆಚ್ಚು ಇಷ್ಟ ಅವರ ಕಾಗದಗಳು. ಜೈಲಿನ ಅಂಗಳದ ಗೋಡೆ ಪಕ್ಕ ಬೀಜ ಹಾಕಿದ್ದರು. ಬೇಗ ಬೆಳೆಯಲಿ ಅಂತ ಸಸಿಗಳನ್ನು ಸ್ವಲ್ಪ ಮೇಲಕ್ಕೆ ಎಳೆಯಬೇಕು ಅನ್ನಿಸುತ್ತದೆ ಅಂತ ಹೆಂಡತಿಯ ಅಕ್ಕ ಟಾಟಿಯಾನಾಗೆ ಬರೆಯುತ್ತಾರೆ. ಎಳೆಯುವುದೋ, ಸುಮ್ನೆ ಬಿಡುವುದೋ ಎನ್ನುವ ಯೋಚನೆಯಿಂದ ಶಿಕ್ಷಣದ ಚರ್ಚೆಗೇ ಹೋಗಿಬಿಡುತ್ತಾರೆ. ತೊಲೆಗೆ ತೂಗುಹಾಕಿಸಿಕೊಂಡ ಹುಡುಗನಿಗೆ ಆ ಪ್ರಶ್ನೆ ಬರೀ ಪುಸ್ತಕದ್ದಲ್ಲ ಅನ್ನಿಸುತ್ತದೆ ನನಗೆ.

1933ರಲ್ಲಿ ಪರೀಕ್ಷಿಸಿದ ವೈದ್ಯರು, ಇಲ್ಲೇ ಇದ್ದರೆ ಹೆಚ್ಚು ದಿನ ಬದುಕುವುದಿಲ್ಲ ಅಂದರು. ಕ್ಷಮೆಯ ಅರ್ಜಿ ಹಾಕಬಹುದಿತ್ತು. ಅವರು ಒಪ್ಪಲಿಲ್ಲ. 1937ರ ಏಪ್ರಿಲಿನಲ್ಲಿ ತೀರಿಕೊಂಡರು, 46ನೇ ವಯಸ್ಸಿಗೆ. ನೋಟ್‌ಬುಕ್ಕುಗಳನ್ನು ಉಳಿಸಿದ್ದು ಟಾಟಿಯಾನಾ.

ಇನ್ನೊಂದು ಹೇಳಿ ಮುಗಿಸುತ್ತೇನೆ. ಪೆಟ್ಟಿಗೆ ತಂದಿಟ್ಟಿದ್ದ ಆ ತಾಯಿ 1932ರ ಡಿಸೆಂಬರಿನಲ್ಲೇ ತೀರಿಹೋಗಿದ್ದರು. ಮಗ ತಡೆದುಕೊಳ್ಳಲಾರ ಅಂತ ಮನೆಯವರು ಸುದ್ದಿ ಮುಚ್ಚಿಟ್ಟರು. 1934ರಲ್ಲೂ ಗ್ರಾಮ್ಶಿ ಅಮ್ಮನಿಗೆ ಕಾಗದ ಬರೆದಿದ್ದಾರೆ.