ರಕ್ತ ತುಂಬುವ ಟ್ಯೂಬೂ ಪರೀಕ್ಷೆಯ ಭಾಗವೇ

ಶಿರಸಿಯ ಈ ಸಭೆಯಲ್ಲಿ ಸೇರಿರುವ ಹಿರಿಯರಿಗೆ, ಪ್ರಯೋಗಾಲಯಗಳಲ್ಲಿ ದುಡಿಯುವ ನನ್ನ ಸಹೋದ್ಯೋಗಿಗಳಿಗೆ ನಮಸ್ಕಾರ.

ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಟ್ಟವರು ಸಂಜೆ ವರದಿಯಲ್ಲಿರುವ ಅಂಕಿಯನ್ನು ನೋಡುತ್ತಾರೆಯೇ ಹೊರತು, ಆ ರಕ್ತವನ್ನು ಯಾವ ಬಣ್ಣದ ಮುಚ್ಚಳದ ಟ್ಯೂಬಿಗೆ ತುಂಬಿದರೆಂದು ಗಮನಿಸಿರುವುದಿಲ್ಲ. ಗಮನಿಸುವ ಹೊಣೆ ಅವರದಲ್ಲ, ನಮ್ಮದು. ಟ್ಯೂಬೆಂದರೆ ಬರಿಯ ಪಾತ್ರೆ ಎಂದು ನಾವೇ ಭಾವಿಸಿಕೊಂಡಾಗ ತೊಂದರೆ ಶುರುವಾಗುತ್ತದೆ.

ಹಳದಿ ಮುಚ್ಚಳದ ಪ್ಲಾಸ್ಟಿಕ್ ಟ್ಯೂಬಿನ ಒಳಗೋಡೆಯಲ್ಲಿ ರಕ್ತ ಬೇಗ ಹೆಪ್ಪುಗಟ್ಟಲೆಂದು ಸಿಲಿಕಾ ಇರುತ್ತದೆ, ತಳದಲ್ಲಿ ಸೀರಮ್ಮನ್ನು, ಅಂದರೆ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವನ್ನು, ಬೇರ್ಪಡಿಸುವ ಜೆಲ್ ಇರುತ್ತದೆ. ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಇರುತ್ತದೆ. ಇವು ಎಲ್ಲರಿಗೂ ಗೊತ್ತು. ಗೋಡೆಗೆ ರಕ್ತ ಅಂಟದಿರಲೆಂದು ಸವರುವ ಸರ್ಫ್ಯಾಕ್ಟಂಟ್ ಮಾತ್ರ ಅಷ್ಟಾಗಿ ನಮ್ಮ ನೆನಪಿಗೆ ಬರುವುದಿಲ್ಲ. ಆದರೆ ಅದರದೇ ಒಂದು ಪ್ರಸಂಗವನ್ನು ನಾನು ಸ್ವಲ್ಪ ವಿವರವಾಗಿ ಹೇಳಬೇಕು.

ಹಾರ್ಮೋನು ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವುದರಿಂದ ಅದನ್ನು ಹಿಡಿಯಲು ಪ್ಲಾಸ್ಟಿಕ್ ಮಣಿಯಂಥ ಮೇಲ್ಮೈಗೆ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಥೈರಾಯ್ಡ್ ಹಾರ್ಮೋನುಗಳಲ್ಲಿ ಒಂದಾದ ಟಿ3ಯ ಪರೀಕ್ಷೆಯಲ್ಲಿ ರೋಗಿಯ ಟಿ3 ಮತ್ತು ಗುರುತು ಹಚ್ಚಿದ ಟಿ3 ಎರಡೂ ಆ ಪ್ರತಿಕಾಯಕ್ಕಾಗಿ ಪೈಪೋಟಿ ನಡೆಸುತ್ತವೆ. ಗುರುತು ಹಚ್ಚಿದ ಟಿ3ಯಿಂದ ಬರುವ ಸಂಕೇತ ಕಡಿಮೆಯಾದಷ್ಟೂ ರೋಗಿಯ ಟಿ3 ಹೆಚ್ಚೆಂದು ಯಂತ್ರ ಲೆಕ್ಕ ಹಾಕುತ್ತದೆ. 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೆಲವು ಜೆಲ್ ಟ್ಯೂಬುಗಳಲ್ಲಿದ್ದ ಸಿಲ್ವೆಟ್ ಎಲ್-720 ಎಂಬ ಸರ್ಫ್ಯಾಕ್ಟಂಟ್ ಮಣಿಯ ಮೇಲಿನ ಪ್ರತಿಕಾಯವನ್ನೇ ಕಳಚುತ್ತಿದ್ದುದು ಕಂಡುಬಂತು. ಸಂಕೇತ ಕುಗ್ಗಿತು, ಆರೋಗ್ಯವಂತರ ಟಿ3 ಕೂಡ ಏರಿದಂತೆ ತೋರಿತು. ಬೇರೆ ವಿಧಾನದ ಯಂತ್ರಗಳಲ್ಲಿ ಅದೇ ರಕ್ತ ಸರಿಯಾದ ಅಂಕಿಯನ್ನೇ ಕೊಡಬಹುದಾಗಿದ್ದರಿಂದ ದೋಷ ಎಲ್ಲಿದೆಯೆಂದು ಪತ್ತೆ ಹಚ್ಚುವುದು ಸುಲಭವಿರಲಿಲ್ಲ.

ಸ್ತ್ರೀ ಹಾರ್ಮೋನಾದ ಪ್ರೊಜೆಸ್ಟೆರಾನ್ ಜೆಲ್ಲಿನ ಮೇಲೆ ಬಹಳ ಹೊತ್ತು ನಿಂತರೆ ಜೆಲ್ ಅದನ್ನು ಹೀರಿಕೊಂಡು ಪ್ರಮಾಣ ಇಳಿಯುತ್ತದೆ. ಪಿಟ್ಯುಟರಿ ಗ್ರಂಥಿಯ ಹಾರ್ಮೋನಾದ ಎಸಿಟಿಎಚ್ ಗಾಜಿಗೆ ಅಂಟುತ್ತದೆ, ರಕ್ತದಲ್ಲಿರುವ ಕಿಣ್ವಗಳೂ ಅದನ್ನು ತುಂಡರಿಸುತ್ತವೆ. ಆದ್ದರಿಂದ ಪ್ಲಾಸ್ಟಿಕ್ ಇಡಿಟಿಎ ಟ್ಯೂಬು, ಮಂಜುಗಡ್ಡೆ, ರಕ್ತವನ್ನು ವೇಗವಾಗಿ ತಿರುಗಿಸಿ ಬೇರ್ಪಡಿಸುವ ತಂಪು ಸೆಂಟ್ರಿಫ್ಯೂಜ್ ಮೂರೂ ಬೇಕು. ಶಿರಸಿಯಲ್ಲಿ ಬೆಳಿಗ್ಗೆ ತೆಗೆದ ರಕ್ತವು ದೇವಿಮನೆ ಘಟ್ಟ ಇಳಿದು, ಕುಮಟಾ ದಾಟಿ, ಕರಾವಳಿಯ ಸೆಕೆಯಲ್ಲಿ ಕಾರವಾರ ತಲುಪುವವರೆಗೆ ಮಾಮೂಲಿ ಪೆಟ್ಟಿಗೆಯಲ್ಲೇ ಕುಳಿತಿದ್ದರೆ, ಅಲ್ಲಿ ಬರುವ ಎಸಿಟಿಎಚ್ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ರಕ್ತದ ಕ್ಯಾಲ್ಸಿಯಮ್ಮನ್ನು ಹತೋಟಿಯಲ್ಲಿಡುವ ಪ್ಯಾರಾಥೈರಾಯ್ಡ್ ಹಾರ್ಮೋನು ಸೀರಮ್ಮಿಗಿಂತ ಇಡಿಟಿಎಯಲ್ಲಿ ಹೆಚ್ಚು ಕಾಲ ಕೆಡದೆ ಉಳಿಯುತ್ತದೆ. ಆದರೆ ಅದರ ಜೊತೆಗೇ ನೋಡಬೇಕಾದ ಕ್ಯಾಲ್ಸಿಯಮ್ಮನ್ನು ಇಡಿಟಿಎ ಹಿಡಿದಿಟ್ಟುಬಿಡುವುದರಿಂದ ಎರಡಕ್ಕೂ ಬೇರೆ ಬೇರೆ ಟ್ಯೂಬು ಬೇಕೇಬೇಕು. ಹಲವು ವರ್ಷಗಳ ಹಿಂದೆ ನನ್ನ ಕಣ್ಣೆದುರೇ ಒಬ್ಬರು, ಒಬ್ಬ ತಾಯಿಯ ಹಳದಿ ಟ್ಯೂಬಿನಲ್ಲಿ ರಕ್ತ ಸಾಲದೆಂದು ನೇರಳೆ ಟ್ಯೂಬಿನಿಂದ ಸುರಿದು ತುಂಬಿಸಿದರು, ನಾನು ತಡೆಯಲಿಲ್ಲ. ಅದರಲ್ಲಿದ್ದ ಇಡಿಟಿಎ ಪೊಟ್ಯಾಸಿಯಂ ಲವಣವಾದ್ದರಿಂದ ವರದಿಯಲ್ಲಿ ಪೊಟ್ಯಾಸಿಯಂ ಅಪಾಯದ ಮಟ್ಟಕ್ಕೆ ಏರಿತು, ಕ್ಯಾಲ್ಸಿಯಂ ತೀರಾ ಕುಸಿಯಿತು. ಆ ತಾಯಿಯನ್ನು ರಾತ್ರಿಯೇ ಹುಬ್ಬಳ್ಳಿಗೆ ಕರೆದೊಯ್ಯಲು ಮನೆಯವರು ಗಾಡಿ ಗೊತ್ತುಮಾಡಿದ್ದರು. ಹೊಸದಾಗಿ ರಕ್ತ ತೆಗೆದು ನೋಡಿದರೆ ಎರಡೂ ಸರಿಯಾಗಿದ್ದವು. ಆ ಮನೆಯವರು ಪಟ್ಟ ಗಾಬರಿ ನನಗೆ ಇಂದಿಗೂ ಮರೆತಿಲ್ಲ.

ನೇರಳೆ ಟ್ಯೂಬನ್ನು ಅರ್ಧ ತುಂಬಿಸಿದರೂ ಕೆಡುಕೇ. ಇಡಿಟಿಎ ಸಾಂದ್ರತೆ ಇಮ್ಮಡಿಯಾಗುತ್ತದೆ. ಅನೇಕ ಹಾರ್ಮೋನು ಪರೀಕ್ಷೆಗಳಲ್ಲಿ ಸಂಕೇತ ಕೊಡುವ ಆಲ್ಕಲೈನ್ ಫಾಸ್ಫಟೇಸ್ ಕಿಣ್ವಕ್ಕೆ ಬೇಕಾದ ಸತು ಮತ್ತು ಮೆಗ್ನೀಸಿಯಮ್ಮನ್ನು ಅದು ಕಸಿದುಕೊಳ್ಳಬಲ್ಲದು.

ಆದ್ದರಿಂದ ಸಹೋದ್ಯೋಗಿಗಳಲ್ಲಿ ನನ್ನ ಕೋರಿಕೆ ಇಷ್ಟೆ: ಹಳದಿಯನ್ನು ನೇರಳೆಗಿಂತ ಮೊದಲು ತುಂಬಿಸಿ, ಗುರುತಿನವರೆಗೆ ತುಂಬಿಸಿ, ಒಂದರಿಂದ ಇನ್ನೊಂದಕ್ಕೆ ಸುರಿಯಬೇಡಿ. ವೈದ್ಯರಲ್ಲಿ ಕೇಳಿಕೊಳ್ಳುವುದೇನೆಂದರೆ, ರೋಗಿಯ ಲಕ್ಷಣಕ್ಕೂ ನಮ್ಮ ಅಂಕಿಗೂ ತಾಳೆಯಾಗದಿದ್ದಾಗ ಮಾತ್ರೆಯ ಪ್ರಮಾಣ ಬದಲಿಸುವ ಮೊದಲು ಒಮ್ಮೆ ಫೋನು ಮಾಡಿ. ಬೇರೆ ಬಗೆಯ ಟ್ಯೂಬಿನಲ್ಲಿ ರಕ್ತ ತೆಗೆದು ಮತ್ತೆ ಪರೀಕ್ಷಿಸಿ ಕೊಡುತ್ತೇವೆ.