ಪೆಟ್ಟಿಗೆಯ ಮೇಲಿನ ತೂಕ, ಬೆನ್ನಿನ ಮೇಲಿನ ತೂಕ

ನಮಸ್ಕಾರ. ನನ್ನ ಕೈಯಲ್ಲಿರುವ ಈ ಪುಟ್ಟ ತಕ್ಕಡಿಯನ್ನು ಅಮೆರಿಕದ ಕನ್ನಡಿಗರಿಗೆ ಪರಿಚಯಿಸುವ ಅಗತ್ಯವಿಲ್ಲ. ಊರಿಗೆ ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸಿನ ಹಿಡಿಗೆ ಇದರ ಕೊಕ್ಕೆ ಸಿಕ್ಕಿಸಿ ಎತ್ತುತ್ತೇವೆ. 23 ಕಿಲೋ ದಾಟಿತೋ ಇಲ್ಲವೋ ಎಂದು ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನೋಡುತ್ತಾರೆ. ದಾಟಿದರೆ ಮೊದಲು ಹೊರಬೀಳುವುದು ನನ್ನ ಬಟ್ಟೆ. ಇದೇ ತಕ್ಕಡಿಯನ್ನು ನಾನು ಸೆಪ್ಟೆಂಬರಿನಲ್ಲಿ ಬೇಟೆಯ ಸಾಮಾನು ತೂಗಲು ಇನ್ನೊಮ್ಮೆ ಹೊರತೆಗೆಯುತ್ತೇನೆ. ಓಹಾಯೋದಲ್ಲಿ ಬಿಲ್ಲುಬೇಟೆಯ ಋತು ಆರಂಭವಾಗುವುದು ಸೆಪ್ಟೆಂಬರ್ ಕೊನೆಯಲ್ಲಿ. ಅಲ್ಲಿಂದ ಫೆಬ್ರುವರಿಯ ಮೊದಲ ದಿನಗಳವರೆಗೂ ಬಿಳಿಬಾಲದ ಜಿಂಕೆಯನ್ನು ಬಿಲ್ಲಿನಿಂದ ಬೇಟೆಯಾಡಬಹುದು.

ಭಾರತದಲ್ಲಿ ಕುಳಿತು ನೋಡುತ್ತಿರುವವರಿಗೆ ಒಂದೇ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಲ್ಲಿ ಇಂಥದ್ದಕ್ಕೆ ಅವಕಾಶ ಕೊಡುವುದಿಲ್ಲ. ಇಲ್ಲಿ ಪರವಾನಗಿ ಕೊಂಡು, ನಿಯಮ ಪಾಲಿಸಿ ಆಡುತ್ತೇವೆ. ಚರ್ಚೆ ಬೇಕಿದ್ದರೆ ಇನ್ನೊಂದು ದಿನ ಇಟ್ಟುಕೊಳ್ಳೋಣ.

ಕಳೆದ ವಾರ ಕೊಲಂಬಸ್ಸಿನ ಕನ್ನಡದ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಈ ವರ್ಷವೇ ಬೇಟೆ ಶಿಕ್ಷಣದ ಕೋರ್ಸ್ ಮುಗಿಸಿದ್ದಾರೆ, ಮರ ಹತ್ತಿ ಮೇಲೆ ಕೂತು ಜಿಂಕೆಗೆ ಕಾಯಲು ಕ್ಲೈಂಬಿಂಗ್ ಸ್ಟ್ಯಾಂಡ್ ಒಂದನ್ನು ಕೊಳ್ಳಬೇಕಂತೆ. ಅವರು ಕೇಳಿದ ಪ್ರಶ್ನೆ ಒಂದೇ: ‘ಎಲ್ಲಕ್ಕಿಂತ ಹಗುರವಾದದ್ದು ಯಾವುದು?’ ಮೊದಲ ವರ್ಷ ನಾನೂ ಇದನ್ನೇ ಕೇಳಿದ್ದೆ, ಅದಕ್ಕೆ ಬೆಲೆಯನ್ನೂ ತೆತ್ತೆ.

ಕ್ಲೈಂಬಿಂಗ್ ಸ್ಟ್ಯಾಂಡ್ ನೋಡದವರಿಗೆ ಮೊದಲು ಅದರ ಸ್ವರೂಪ ಹೇಳಿಬಿಡುತ್ತೇನೆ. ತೀರ್ಥಹಳ್ಳಿ ಕಡೆಯವನು ನಾನು, ಅಡಿಕೆ ತೋಟದ ಹೋಲಿಕೆಯೇ ಬಾಯಿಗೆ ಬರುತ್ತದೆ. ಅಡಿಕೆ ಗೊನೆ ಇಳಿಸುವ ನಮ್ಮ ಕೊನೆಗಾರ ಕಾಲಿಗೆ ತಳೆಯ ಕುಣಿಕೆ ಸಿಕ್ಕಿಸಿಕೊಂಡು ಮರ ತಬ್ಬುತ್ತಾನೆ. ಕಾಲು ಹಿಡಿದಿರುವಾಗ ಕೈ ಮೇಲೇರುತ್ತದೆ, ಕೈ ಹಿಡಿದಿರುವಾಗ ಕಾಲು ಮೇಲೇರುತ್ತದೆ. ಈ ಸ್ಟ್ಯಾಂಡಿನದೂ ಅದೇ ಲೆಕ್ಕ. ಮೇಲೊಂದು ಸೀಟಿನ ಭಾಗ, ಕೆಳಗೊಂದು ಕಾಲಿಡುವ ಹಲಗೆ. ಎರಡಕ್ಕೂ ಮರವನ್ನು ಸುತ್ತಿಬರುವ ಉಕ್ಕಿನ ಕೇಬಲ್ ಇರುತ್ತದೆ. ಸೀಟನ್ನು ಎತ್ತಿಟ್ಟು ಅದರ ಮೇಲೆ ಭಾರ ಬಿಡುವುದು, ಪಾದಗಳಿಂದ ಹಲಗೆಯನ್ನು ಎಳೆದುಕೊಳ್ಳುವುದು, ಎದ್ದು ನಿಂತು ಮತ್ತೆ ಸೀಟನ್ನು ಎತ್ತುವುದು. ಭಾರ ಬಿದ್ದಾಗ ಮುಂದಿನ ಹಲ್ಲು ತೊಗಟೆಗೆ ಒತ್ತುತ್ತದೆ, ಹಿಂದಿನ ಕೇಬಲ್ ಬಿಗಿಯುತ್ತದೆ. ಹೊರತುದಿಯನ್ನು ಮೇಲಕ್ಕೆತ್ತಿದರೆ ಹಿಡಿತ ಸಡಿಲವಾಗುತ್ತದೆ. ಮೊಳೆಯಿಲ್ಲ, ಸ್ಕ್ರೂ ಇಲ್ಲ. ಇಲ್ಲಿನ ಬಹುತೇಕ ಸಾರ್ವಜನಿಕ ಕಾಡುಗಳಲ್ಲಿ ಮರಕ್ಕೆ ಮೊಳೆ ಹೊಡೆಯುವಂತಿಲ್ಲವಾದ್ದರಿಂದ ಬೆಳಿಗ್ಗೆ ಹೊತ್ತು ಹೋಗಿ ಸಂಜೆ ಹೊತ್ತು ತರುವ ಈ ಸ್ಟ್ಯಾಂಡು ನಮ್ಮಂಥವರಿಗೆ ಅನುಕೂಲ. ಸ್ವಂತ ಜಮೀನಿರುವವರು ಏಣಿಯ ಸ್ಟ್ಯಾಂಡನ್ನು ಕಟ್ಟಿ ಋತುವಿಡೀ ಬಿಟ್ಟಿರುತ್ತಾರೆ. ಅವರಿಗೆ ತೂಕದ ಚಿಂತೆಯೇ ಇಲ್ಲ.

ಈಗ ತಕ್ಕಡಿಗೆ ಬರೋಣ. ನನ್ನ ಸ್ಟ್ಯಾಂಡ್ 9.1 ಕಿಲೋ, ಅಂದರೆ 20 ಪೌಂಡ್. ಸಮಿಟ್ ಕಂಪನಿಯ ಬಲು ಜನಪ್ರಿಯ ವೈಪರ್ ಎಸ್‌ಡಿ ಕೂಡ ಇಷ್ಟೇ ತೂಗುತ್ತದೆ. ಅದೇ ಕಂಪನಿಯ ಓಪನ್‌ಶಾಟ್ 15 ಪೌಂಡಿನದು. ಎರಡರ ನಡುವಿನ ಅಂತರ 2.3 ಕಿಲೋ. ಅಂಗಡಿಯಲ್ಲಿ ಒಂದೊಂದನ್ನೂ ಒಂದೊಂದು ಕೈಯಲ್ಲಿ ಎತ್ತಿ ನೋಡಿದಾಗ ಈ 2.3 ಕಿಲೋ ಬಹಳ ದೊಡ್ಡದಾಗಿ ಕಾಣುತ್ತದೆ. ಸರಿ, ಉಳಿದದ್ದನ್ನೂ ಕೊಕ್ಕೆಗೆ ಹಾಕುತ್ತೇನೆ. ಬಾಣಗಳ ಸಮೇತ, ರಾಟೆಗಳಿರುವ ಕಾಂಪೌಂಡ್ ಬಿಲ್ಲು 2.7. ಬೀಳದಂತೆ ಮೈಯನ್ನು ಮರಕ್ಕೆ ಕಟ್ಟಿಡುವ ಹಾರ್ನೆಸ್ 1.3. ನವೆಂಬರಿನ ದಪ್ಪ ಜಾಕೆಟ್ ಮತ್ತು ಪ್ಯಾಂಟ್ 2.8. ನೀರು, ಹಗ್ಗ, ಚಾಕು, ತಲೆದೀಪ, ಬುತ್ತಿ ಎಲ್ಲ ತುಂಬಿದ ಚೀಲ 2.6. ಒಟ್ಟು 18.5 ಕಿಲೋ. ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಅಂಕಿ ನನ್ನ ಬೆನ್ನಿನ ಮೇಲೆ ಎರಡರಷ್ಟಾಯಿತು. ಐದು ಪೌಂಡ್ ಹಗುರವಾದ ಸ್ಟ್ಯಾಂಡ್ ಕೊಂಡಿದ್ದರೂ 16 ಕಿಲೋ ಹೊರಲೇಬೇಕಿತ್ತು. ಚೀಲದಲ್ಲಿ ಬೇಡದ್ದೇನಿದೆ ಎಂದು ಹುಡುಕಿದರೆ ಅರ್ಧ ಕಿಲೋ ಪುಕ್ಕಟೆಯಾಗಿ ಇಳಿಯುತ್ತದೆ. ಇಬ್ಬರು ಮೂರು ದಿನ ತಿನ್ನುವಷ್ಟು ಚಕ್ಕುಲಿ ನನ್ನ ಚೀಲದಲ್ಲಿತ್ತು. ಅದನ್ನು ಮರದ ಮೇಲೆ ಸದ್ದಿಲ್ಲದೆ ತಿನ್ನಲೂ ಆಗುವುದಿಲ್ಲ.

ತೂಕ ಮುಖ್ಯವಲ್ಲ ಎನ್ನುತ್ತಿಲ್ಲ. ಅದು ಯಾಕೆ ಮುಖ್ಯ ಎನ್ನುವುದರಲ್ಲಿ ನಾವು ಎಡವುತ್ತಿದ್ದೇವೆ. ಹೆಗಲು ನೋಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನೋಯಲಿ, ಮರುದಿನ ಸರಿಹೋಗುತ್ತದೆ. ನಿಜವಾದ ಶತ್ರು ಬೆವರು. ನಾನು ಹೋಗುವುದು ಓಹಾಯೋದ ಅಥೆನ್ಸ್ ಊರಿನ ಸುತ್ತಲಿನ ವೇಯ್ನ್ ರಾಷ್ಟ್ರೀಯ ಅರಣ್ಯಕ್ಕೆ. ಅಲ್ಲಿ ಸಮತಟ್ಟು ನೆಲ ಕಡಿಮೆ, ದಿಬ್ಬ ಹತ್ತಬೇಕು, ಹಳ್ಳಕ್ಕಿಳಿಯಬೇಕು, ಮತ್ತೆ ಹತ್ತಬೇಕು. ಕತ್ತಲಲ್ಲಿ ಅವಸರದಿಂದ ಏರು ಹತ್ತಿದರೆ ಮರದ ಬುಡ ತಲಪುವಷ್ಟರಲ್ಲಿ ಬೆನ್ನು ಒದ್ದೆಯಾಗಿರುತ್ತದೆ. ಒದ್ದೆ ಬೆನ್ನಿಗೆ ಮರದ ಮೇಲಿನ ಗಾಳಿ ತಾಗಿದಾಗ ಅರ್ಧ ಗಂಟೆಯಲ್ಲಿ ಚಳಿ ಹಿಡಿಯುತ್ತದೆ, ಒಂದು ಗಂಟೆಯಲ್ಲಿ ನಡುಕ. ನಡುಗುವ ಕೈಯಲ್ಲಿ ಬಿಲ್ಲು ಎಳೆಯುವುದು ಹೇಗೆ? ಅದಕ್ಕಿಂತ ಮೊದಲೇ ಜಿಂಕೆಯ ಮೂಗಿಗೆ ನಮ್ಮ ವಾಸನೆ ಮುಟ್ಟಿರುತ್ತದೆ. (ವಾಸನೆಯ ಮಾತು ಬಂತು, ಹೇಳಿಬಿಡುತ್ತೇನೆ: ಬೇಟೆಯ ಜಾಕೆಟ್ಟನ್ನು ಅಡುಗೆಮನೆಯ ಪಕ್ಕದ ಗೂಟಕ್ಕೆ ನೇತುಹಾಕಬೇಡಿ. ಇಂಗಿನ ಒಗ್ಗರಣೆ ಹೀರಿಕೊಂಡ ಬಟ್ಟೆ ತೊಟ್ಟು ಒಂದು ಋತುವನ್ನೇ ಕಳೆದಿದ್ದೇನೆ. ಈಗ ನನ್ನ ಬಟ್ಟೆಗೆ ಗ್ಯಾರೇಜಿನಲ್ಲಿ ಮುಚ್ಚಳವಿರುವ ಡಬ್ಬವೇ ಗತಿ. ಮನೆಯವರ ತೀರ್ಪು.)

ತೂಕವನ್ನು ಬೆವರಿನಲ್ಲಿ ಲೆಕ್ಕ ಹಾಕಿದ ಕೂಡಲೇ ಪರಿಹಾರವೂ ಬದಲಾಗುತ್ತದೆ. ಆ 2.3 ಕಿಲೋವನ್ನು ದುಡ್ಡು ಸುರಿದು ಇಳಿಸಬಹುದು, ಇಪ್ಪತ್ತು ನಿಮಿಷ ಮುಂಚೆ ಮನೆ ಬಿಟ್ಟೂ ಇಳಿಸಬಹುದು. ನಾನು ಎರಡನೆಯದನ್ನು ಆರಿಸಿದೆ. ಜಾಕೆಟ್ಟನ್ನು ಸ್ಟ್ಯಾಂಡಿಗೆ ಕಟ್ಟಿ, ಒಂದು ತೆಳುವಾದ ಅಂಗಿಯಲ್ಲಿ ನಿಧಾನವಾಗಿ ನಡೆಯುತ್ತೇನೆ. ಹೊರಡುವಾಗ ಸ್ವಲ್ಪ ಚಳಿಯಾಗುತ್ತಿದ್ದರೆ ಸರಿಯಾಗಿ ಉಟ್ಟಿದ್ದೇನೆ ಎಂದರ್ಥ.

ಕಾಡಿನೊಳಕ್ಕೆ ಎರಡು ಮೈಲಿ ನಡೆಯುವವರ ಮಾತು ಬೇರೆ. ಅವರಿಗೆ ಒಂದೊಂದು ಪೌಂಡೂ ಲೆಕ್ಕಕ್ಕೆ ಬರುತ್ತದೆ. ಅವರಲ್ಲಿ ಅನೇಕರು ಈಗ ಸ್ಟ್ಯಾಂಡನ್ನೇ ಬಿಟ್ಟು ಸ್ಯಾಡಲ್‌ಗೆ ಹೋಗಿದ್ದಾರೆ. ಸೊಂಟಕ್ಕೆ ಕಟ್ಟಿದ ಬಟ್ಟೆಯ ಜೋಲಿಯಲ್ಲಿ ಮರಕ್ಕೆ ಒರಗಿ ತೂಗುವ ಪದ್ಧತಿ ಅದು. ಸ್ಯಾಡಲ್ ತುಂಬ ಹಗುರ, ಕೊಂಬೆಗಳಿರುವ ಮರಕ್ಕೂ ಸಲ್ಲುತ್ತದೆ. ಆದರೆ ಹತ್ತಲು ಮೆಟ್ಟಿಲು ಕಡ್ಡಿಗಳು ಬೇಕು, ಕಾಲೂರಲು ಪುಟ್ಟ ಹಲಗೆ ಬೇಕು. ಅವೆಲ್ಲವನ್ನೂ ಕೂಡಿಸಿ ಕೊಕ್ಕೆಗೆ ಹಾಕಿದ ಮೇಲೆ ಮಾತಾಡೋಣ ಎಂದು ಅವರಿಗೂ ನಾನು ತಕ್ಕಡಿ ತೋರಿಸುವುದುಂಟು. ಐದು ಗಂಟೆ ಕೂರಲು ನನಗೆ ಸೀಟೇ ಬೇಕು. ವಯಸ್ಸು ನಲವತ್ತಾರು, ಸೊಂಟ ಐವತ್ತಾರರದು.

ಸ್ಟ್ಯಾಂಡ್ ಆರಿಸುವ ಮೊದಲು ಮರ ನೋಡಿ. ಈ ಮಾತನ್ನು ಅಂಗಡಿಯವರು ಹೇಳುವುದಿಲ್ಲ. ಕ್ಲೈಂಬಿಂಗ್ ಸ್ಟ್ಯಾಂಡಿಗೆ ಬೇಕಾದದ್ದು ಕಂಬದಂತೆ ನೆಟ್ಟಗಿರುವ, ಇಪ್ಪತ್ತು ಅಡಿಯವರೆಗೆ ಕೊಂಬೆಯಿಲ್ಲದ ಮರ. ಆಗ್ನೇಯ ಓಹಾಯೋದಲ್ಲಿ ಟ್ಯುಲಿಪ್ ಪಾಪ್ಲರ್ ಹಾಗೆ ಬೆಳೆಯುತ್ತದೆ, ಅದಕ್ಕೇ ನಾನು ಈ ಸ್ಟ್ಯಾಂಡಿಗೆ ಅಂಟಿಕೊಂಡಿದ್ದೇನೆ. ದಕ್ಷಿಣದ ಜಾರ್ಜಿಯಾ, ಅಲಬಾಮಾದ ಪೈನ್ ತೋಪುಗಳಲ್ಲಂತೂ ಯಾವ ಮರ ಹತ್ತಲಿ ಎಂದು ಗೊಂದಲವಾಗುವಷ್ಟಿವೆ. ಆದರೆ ಶಾಗ್‌ಬಾರ್ಕ್ ಹಿಕರಿಯ ಹತ್ತಿರ ಹೋಗಬೇಡಿ. ಅದರ ತೊಗಟೆ ಹಳೆಯ ಮನೆಯ ಸುಣ್ಣದ ಹಾಗೆ ಚಕ್ಕೆಚಕ್ಕೆಯಾಗಿ ಎದ್ದಿರುತ್ತದೆ. ಸ್ಟ್ಯಾಂಡಿನ ಹಲ್ಲು ಮರವನ್ನಲ್ಲ, ಕಳಚಿಬೀಳಲು ಕಾದಿರುವ ಚಕ್ಕೆಯನ್ನು ಕಚ್ಚುತ್ತದೆ. ನೀವು ಹೋಗುವ ಕಾಡಿನಲ್ಲಿ ಬರೀ ಕೊಂಬೆಗಳ ಓಕ್ ಮರಗಳಿದ್ದರೆ ಹಗುರವೂ ಬೇಡ, ಭಾರವೂ ಬೇಡ. ಈ ಜಾತಿಯ ಸ್ಟ್ಯಾಂಡೇ ಬೇಡ.

ಬಿಲ್ಲುಗಾರರು ನೋಡಬೇಕಾದ ಇನ್ನೊಂದು ಸಂಗತಿ ಸೀಟಿನ ಮುಂದಿನ ಅಡ್ಡಪಟ್ಟಿ. ಬಂದೂಕಿನವರಿಗೆ ಅದು ವರ, ನಳಿಗೆಯನ್ನು ಅದರ ಮೇಲೆ ಊರಿ ಗುರಿ ಹಿಡಿಯಬಹುದು. ನಮಗೆ ಕೂತಲ್ಲಿಂದ ಬಾಣ ಬಿಡುವಾಗ ಬಿಲ್ಲಿನ ಕೆಳತುದಿ ಅದಕ್ಕೆ ಬಡಿಯುತ್ತದೆ. ‘ಟಣ್’ ಎಂದರೆ ಅಂದಿನ ಬೇಟೆ ಮುಗಿದಂತೆ. ಹಾಗೆಂದು ಮುಂಭಾಗ ತೆರೆದ ಸ್ಟ್ಯಾಂಡ್ ಕೊಂಡರೆ ಹತ್ತುವಾಗ ಅಡ್ಡಪಟ್ಟಿಯ ಮೇಲೆ ಕೂತು ಭಾರ ಬಿಡುವ ಸುಖವಿಲ್ಲ. ಮೈಭಾರವನ್ನೆಲ್ಲ ತೋಳುಗಳೇ ಎತ್ತಬೇಕು. ತೀರಾ ಹಗುರವಾದ ಸ್ಟ್ಯಾಂಡುಗಳಲ್ಲಿ ಹಲವು ಈ ತೆರೆದ ಬಗೆಯವು. ತೂಕ ಇಳಿಸಿದ್ದು ಆ ಪಟ್ಟಿಯನ್ನೇ ತೆಗೆದು! ದಾರಿಯಲ್ಲಿ ಉಳಿಸಿದ ಬೆವರನ್ನು ಮರದ ಮೇಲೆ ಬಡ್ಡಿಸಮೇತ ಸುರಿಸುತ್ತೇವೆ. ಇಪ್ಪತ್ತೈದರ ಹುಡುಗರು ಧಾರಾಳವಾಗಿ ಕೊಳ್ಳಲಿ. ಮೊದಲ ಸಲ ಹತ್ತುವವರಿಗೆ, ಮೇಜಿನ ಮುಂದೆ ಕೂತು ಕೆಲಸ ಮಾಡುವ ನಮ್ಮಂಥವರಿಗೆ, ನಾನು ಹೇಳುವುದು ಅಡ್ಡಪಟ್ಟಿ ಇರುವುದನ್ನೇ. ಬಾಣ ಬಿಡುವಾಗ ಎದ್ದು ನಿಂತರಾಯಿತು.

ಸದ್ದಿನ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ಅಲ್ಯೂಮಿನಿಯಂ ಕೊಳವೆ ಒಳಗೆ ಟೊಳ್ಳು, ಕಂಚಿನ ತಟ್ಟೆಯ ಹಾಗೆ ನುಡಿಯುತ್ತದೆ. ಎರಡು ಭಾಗಗಳು ತಾಗುವ ಕಡೆಗಳಿಗೆಲ್ಲ ಬಟ್ಟೆಯ ಟೇಪ್ ಸುತ್ತಿ. ಎರಕ ಹೊಯ್ದ ಹಲಗೆಯ ಸ್ಟ್ಯಾಂಡುಗಳು ಈ ವಿಷಯದಲ್ಲಿ ಮೇಲು, ಮಡಚಿದಾಗ ಬೆನ್ನಿಗೂ ಚಪ್ಪಟೆಯಾಗಿ ಕೂರುತ್ತವೆ. ಮುಳ್ಳುಬಳ್ಳಿಗಳ ನಡುವೆ ನುಸುಳುವಾಗ ಆ ಚಪ್ಪಟೆತನ ಎರಡು ಕಿಲೋಗೆ ಸಮ.

ಈಗ ನಾನು ತೆತ್ತ ಬೆಲೆಯ ಕಥೆ. ಕಂಪನಿಯ ಹೆಸರು ಬೇಡ, ತಪ್ಪು ನನ್ನದೇ. ಸೀಟಿನ ಭಾಗಕ್ಕೂ ಕಾಲಹಲಗೆಗೂ ನಡುವೆ ಕಟ್ಟಲು ಒಂದು ಪಟ್ಟಿ ಕೊಟ್ಟಿರುತ್ತಾರೆ. ಮೊದಲ ವರ್ಷ ತೂಕದ ಹುಚ್ಚಿನಲ್ಲಿ ನಾನು ಏನೇನು ಕಳಚಿಡಬಹುದೆಂದು ಹುಡುಕುತ್ತಿದ್ದೆ. ಆ ಪಟ್ಟಿಯನ್ನು ಕಾರಿನಲ್ಲೇ ಬಿಟ್ಟೆ. ಉಳಿದದ್ದು ನೂರು ಗ್ರಾಂ ಇರಬಹುದೋ ಏನೋ. ಹನ್ನೆರಡು ಅಡಿ ಏರಿದ ಮೇಲೆ ಕೂತಲ್ಲೇ ಕಾಲು ಸರಿಪಡಿಸಿಕೊಳ್ಳಲು ಹೋಗಿ ಪಾದಗಳು ಹಲಗೆಯ ಕುಣಿಕೆಯಿಂದ ಹೊರಬಂದವು. ಭಾರ ಕಳೆದುಕೊಂಡ ಹಲಗೆ ಸಡಿಲವಾಗಿ ಸರ್ರನೆ ಬುಡಕ್ಕೆ ಜಾರಿತು. ನಾನು ಮೇಲೆ ಸೀಟಿನಲ್ಲಿ, ಕಾಲು ಗಾಳಿಯಲ್ಲಿ. ಹಾರ್ನೆಸ್ ಮರಕ್ಕೆ ಕಟ್ಟಿತ್ತು, ಫೋನ್ ಎದೆಯ ಜೇಬಿನಲ್ಲಿತ್ತು. ಈ ಎರಡರಲ್ಲಿ ಒಂದಿಲ್ಲದಿದ್ದರೂ ಈ ವಿಡಿಯೋ ಇರುತ್ತಿರಲಿಲ್ಲ. ಅತ್ತ ದಿಬ್ಬದ ಮೇಲೆ ಕೂತಿದ್ದ ಗೆಳೆಯ ಇಳಿದು ಬರಲು ಮುಕ್ಕಾಲು ಗಂಟೆ. ಬಿಲ್ಲು ಎಳೆದುಕೊಳ್ಳುವ ಹಗ್ಗವನ್ನು ಅವನು ಹಲಗೆಯ ಹೊರತುದಿಗೆ ಕಟ್ಟಿದ, ನಾನು ಮೇಲಿನಿಂದ ಇಂಚಿಂಚಾಗಿ ಎಳೆದುಕೊಂಡೆ. ಗೆಳೆಯ ಒಂದು ಮಾತೂ ಆಡಲಿಲ್ಲ. ಅದೇ ಹೆಚ್ಚು ನೋಯಿಸಿತು.

ಅಂದಿನಿಂದ ಹಾರ್ನೆಸ್ ಮತ್ತು ಪಟ್ಟಿಗಳನ್ನು ನಾನು ತಕ್ಕಡಿಗೆ ಹಾಕುವುದೇ ಇಲ್ಲ. ಇವತ್ತು ಹಾಕಿದ್ದು ನಿಮಗೆ ತೋರಿಸಲು. ಸ್ಟ್ಯಾಂಡಿನಲ್ಲಿ ಇಪ್ಪತ್ತು ಡಾಲರ್ ಉಳಿಸಿ, ಆದರೆ ಎದೆ, ಹೆಗಲು, ತೊಡೆ ಮೂರನ್ನೂ ಹಿಡಿಯುವ ಪೂರ್ಣ ಹಾರ್ನೆಸ್ ಕೊಳ್ಳಿ. ಸೊಂಟಕ್ಕೆ ಮಾತ್ರ ಕಟ್ಟುವ ಹಳೆಯ ಬೆಲ್ಟ್ ಬೇಡವೇ ಬೇಡ. ಹಾರ್ನೆಸ್ಸಿನಲ್ಲಿ ನೇತಾಡುತ್ತಿದ್ದರೆ ತೊಡೆಯ ಪಟ್ಟಿಗಳು ರಕ್ತ ಸಂಚಾರವನ್ನು ತಡೆಯುತ್ತವೆ, ಅದೂ ಜೀವಕ್ಕೆ ಅಪಾಯ. ಆಗ ಕಾಲೂರಿ ಭಾರ ತೆಗೆಯಲು ಒಂದು ಕುಣಿಕೆ ಜೊತೆಗಿರಬೇಕು. ನೆಲ ಬಿಟ್ಟ ಕ್ಷಣದಿಂದ ಮತ್ತೆ ನೆಲ ಮುಟ್ಟುವವರೆಗೆ ಮರಕ್ಕೆ ಕಟ್ಟಿಕೊಂಡೇ ಇರಿ. ಸ್ಟ್ಯಾಂಡಿನ ಮೇಲೆ ತಾಳುವ ಭಾರ 300 ಪೌಂಡ್ ಎಂದು ಬರೆದಿದ್ದರೆ ಅದರಲ್ಲಿ ನಿಮ್ಮ ಮೈ, ಬಟ್ಟೆ, ಚೀಲ, ಬಿಲ್ಲು ಎಲ್ಲವೂ ಸೇರಿವೆ. ಹಳೆಯದನ್ನು ಕೊಳ್ಳುವವರು ಕೇಬಲ್ಲಿನ ಮೇಲಿನ ರಬ್ಬರು ಹೊದಿಕೆಯನ್ನು ಬಾಗಿಸಿ ನೋಡಿ. ತುಕ್ಕು ಒಳಗೇ ಅವಿತಿರುತ್ತದೆ.

ಹೋದ ಬೇಸಿಗೆಯಲ್ಲಿ ಊರಿಗೆ ವಿಡಿಯೋ ಕರೆ ಮಾಡಿದಾಗ ತೋಟದಲ್ಲಿ ಕೊನೆಗಾರ ಸಿಕ್ಕ. ಮೂವತ್ತು ವರ್ಷದಿಂದ ನಮ್ಮ ಮರ ಹತ್ತುತ್ತಿದ್ದಾನೆ. ಬಾಗಿದ ಮರದಿಂದ ಪಕ್ಕದ ಮರಕ್ಕೆ ದಾಟುವವನು. ನನ್ನ ಸ್ಟ್ಯಾಂಡನ್ನು ಹಿತ್ತಲಿನ ಮರಕ್ಕೆ ಸಿಕ್ಕಿಸಿ ಹತ್ತಿ ತೋರಿಸಿದೆ. ಸುಮ್ಮನೆ ನೋಡಿದ. ತೂಕ ಕೇಳಲಿಲ್ಲ, ಬೆಲೆಯನ್ನೂ ಕೇಳಲಿಲ್ಲ. ‘ಹತ್ತಿದ್ದು ಸರಿ ಸಣ್ಣ ಗೌಡರೇ, ಬುಡ ದಪ್ಪ, ತುದಿ ಸಣ್ಣ. ಮೇಲೆ ಹೋದ ಹಾಗೆ ನಿಮ್ಮ ಹಲಗೆ ಮುಂದಕ್ಕೆ ವಾಲುವುದಿಲ್ಲವೇ?’ ಎಂದ.

ವಾಲುತ್ತದೆ. ಎರಡು ಋತು ಬೇಕಾಯಿತು ನನಗೆ ಅದು ಗೊತ್ತಾಗಲು. ಬುಡದಲ್ಲಿ ಸಿಕ್ಕಿಸುವಾಗಲೇ ಹೊರತುದಿಯನ್ನು ಸ್ವಲ್ಪ ಮೇಲಕ್ಕೆತ್ತಿ ಕೇಬಲ್ ಬಿಗಿಯಬೇಕು, ಇಪ್ಪತ್ತು ಅಡಿ ಮುಟ್ಟುವ ಹೊತ್ತಿಗೆ ಸಮವಾಗುತ್ತದೆ. ಎಷ್ಟು ಎತ್ತಬೇಕೆಂಬುದು ಮರದಿಂದ ಮರಕ್ಕೆ ಬೇರೆ. ಮುಂದಿನ ಶನಿವಾರ ಹಿತ್ತಲಿನ ಇದೇ ಮರದಲ್ಲಿ ಮಾಡಿ ತೋರಿಸುತ್ತೇನೆ, ಎರಡು ಅಡಿ ಎತ್ತರದಲ್ಲಿ, ಹಾರ್ನೆಸ್ ಕಟ್ಟಿಕೊಂಡು.